ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಮನೆ, ಮರದ ನೆಲದ ಮೇಲೆ ಗೆಜ್ಜೆ

ಪ್ರಶ್ನೆ: ನನ್ನ ಪತಿಗೆ ಬರ್ಲಿನ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ನುರಿತ ನೌಕರರ ನಿವಾಸ ಪರವಾನಗಿಯಾದ ಬ್ಲೂ ಕಾರ್ಡ್‌ಗೆ ಬೇಕಾದ ವೀಸಾ ಬಂದಿದೆ. ನಾನು ಭರತನಾಟ್ಯ ಕಲಾವಿದೆ, ಮಕ್ಕಳಿಗೆ ಪಾಠವನ್ನೂ ಹೇಳುತ್ತೇನೆ. ಕಲಾವಿದರ ಬಡಾವಣೆ ಎಂದು ಕೇಳಿ ಕ್ರಾಯ್ಟ್ಸ್‌ಬರ್ಗ್‌ನಲ್ಲೇ ಮನೆ ಹುಡುಕಿದೆವು. ಓರಾನಿಯನ್‌ಸ್ಟ್ರಾಸೆ ಹತ್ತಿರ, ನೂರು ವರ್ಷಕ್ಕೂ ಹಳೆಯದಾದ ಕಟ್ಟಡದ ಒಳ ಅಂಗಳದ ಕಡೆ, ನಾಲ್ಕನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿದೆ. 48 ಚದರ ಮೀಟರ್, ಪೀಠೋಪಕರಣ ಸಹಿತ, ತಿಂಗಳಿಗೆ 1,750 ಯೂರೋ. ಕೊಡುತ್ತಿರುವವರು ಮನೆಯ ಮಾಲೀಕರಲ್ಲ, ಅವರೇ ಬಾಡಿಗೆದಾರರು. ಆರು ತಿಂಗಳು ಊರಲ್ಲಿರುವುದಿಲ್ಲವಂತೆ. ಈ ವಿಳಾಸದಲ್ಲಿ ಸರ್ಕಾರಿ ನೋಂದಣಿ ಮಾಡಿಸಬಾರದು, ಎರಡು ತಿಂಗಳ ಮುಂಗಡವನ್ನು ಈಗಲೇ ಕಳುಹಿಸಬೇಕು ಎನ್ನುತ್ತಾರೆ. ಆ ಪ್ರದೇಶ ಸುರಕ್ಷಿತವಲ್ಲ, ಬಾಡಿಗೆ ಏರಿಸಿದವರು ಎಂದು ಹೊರಗಿನವರನ್ನು ಅಲ್ಲಿನವರು ದ್ವೇಷಿಸುತ್ತಾರೆ ಎಂದು ಕೆಲವರು ಹೆದರಿಸಿದ್ದಾರೆ. ನಾನು ಮನೆಯಲ್ಲಿ ಅಭ್ಯಾಸ ಮಾಡಬಹುದೇ? ಪಾಠ ಹೇಳಬಹುದೇ? ಇನ್ನೊಂದು ಚಿಕ್ಕ ಪ್ರಶ್ನೆ: ದೇವರ ದೀಪ, ಊದಿನಕಡ್ಡಿ ಹಚ್ಚಿದರೆ ತೊಂದರೆಯಾಗುತ್ತದೆಯೇ?

ಉತ್ತರ: ಮೊದಲು ಹಣದ ಮಾತು. ಆ ಮುಂಗಡವನ್ನು ಕಳುಹಿಸಬೇಡಿ.

ನಿಮ್ಮ ಪತ್ರದಲ್ಲಿ ಬೀದಿಯ ಭಯವೂ ಇದೆ, ಕರಾರಿನ ಅನುಮಾನವೂ ಇದೆ. ಹೊಸದಾಗಿ ಬರುವವರಿಗೆ ಮನೆ ಬಾಡಿಗೆಯ ವಿಚಾರದಲ್ಲಿ ಸಲಹೆ ಕೊಡುವುದು ನನ್ನ ವೃತ್ತಿ. ಕ್ರಾಯ್ಟ್ಸ್‌ಬರ್ಗ್‌ನ ಬೀದಿಯಲ್ಲಿ ಪೆಟ್ಟು ತಿಂದು ನನ್ನ ಬಳಿ ಬಂದವರು ವಿರಳ. ಕಾಗದದಲ್ಲಿ ಪೆಟ್ಟು ತಿಂದವರು ಮಾತ್ರ ಬರುತ್ತಲೇ ಇರುತ್ತಾರೆ. ಆದ್ದರಿಂದ ಕರಾರಿನಿಂದಲೇ ಆರಂಭಿಸುತ್ತೇನೆ.

ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಆ ವಿಳಾಸವನ್ನು ನಗರದ ನೋಂದಣಿ ಕಚೇರಿಯಲ್ಲಿ ದಾಖಲಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. 2015ರ ನವೆಂಬರ್‌ನಿಂದ ಇದಕ್ಕೆ ಮನೆ ಕೊಟ್ಟವರ ಸಹಿಯುಳ್ಳ ದೃಢೀಕರಣ ಪತ್ರವೂ ಕಡ್ಡಾಯ. ದಾಖಲಿಸದೆ ಉಳಿದರೆ 1,000 ಯೂರೋವರೆಗೆ ದಂಡ ವಿಧಿಸಬಹುದು. ವಾಸ್ತವದಲ್ಲಿ ದಂಡಕ್ಕಿಂತ ಹೆಚ್ಚು ಕಾಡುವುದು ಅದರ ಹಿಂದಿನ ಸರಪಳಿ. ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದಿಲ್ಲ. ಅದು ಸಿಗದೇ ಹೋದರೆ ಕಂಪನಿ ಅತಿ ಹೆಚ್ಚು ಕಡಿತವಾಗುವ ಆರನೇ ತೆರಿಗೆ ವರ್ಗದಲ್ಲಿ ನಿಮ್ಮ ಪತಿಯ ಸಂಬಳ ಲೆಕ್ಕ ಹಾಕಬೇಕಾಗುತ್ತದೆ. ಮುಂದಿನ ವರ್ಷ ತೆರಿಗೆ ವಿವರ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು, ನಿಜ. ಆದರೆ ಸಂಸಾರ ಹೂಡುವ ತಿಂಗಳುಗಳಲ್ಲೇ ಕೈ ಖಾಲಿಯಾಗುತ್ತದೆ. ನಿಮ್ಮ ನಿವಾಸ ಪರವಾನಗಿಯ ಅರ್ಜಿಗೂ ವಿಳಾಸದ ಪುರಾವೆ ಬೇಕು.

"ಇಲ್ಲಿ ನೋಂದಣಿ ಮಾಡಿಸಬೇಡಿ" ಎಂದು ಒಬ್ಬ ಬಾಡಿಗೆದಾರ ಏಕೆ ಹೇಳುತ್ತಾನೆ? ಸಾಮಾನ್ಯವಾಗಿ ಒಂದೇ ಕಾರಣ: ಮಾಲೀಕನಿಗೆ ಗೊತ್ತಾಗಬಾರದು. ಮನೆಯನ್ನು ಒಳಬಾಡಿಗೆಗೆ ಕೊಡಲು ಮಾಲೀಕನ ಒಪ್ಪಿಗೆ ಬೇಕು. ಒಪ್ಪಿಗೆ ಇದ್ದರೆ ಮೂಲ ಬಾಡಿಗೆದಾರನೇ ನಿಮಗೆ ದೃಢೀಕರಣ ಪತ್ರ ಬರೆದುಕೊಡಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಒಪ್ಪಿಗೆ ಇಲ್ಲದೆ ಕೊಟ್ಟಿರುವುದು ಬಯಲಾದರೆ ಮಾಲೀಕ ಅವರ ಕರಾರನ್ನು ರದ್ದು ಮಾಡಬಹುದು. ಮೂಲ ಕರಾರು ಹೋದರೆ ನಿಮ್ಮನ್ನೂ ಮನೆ ಬಿಡಿ ಎಂದು ನೇರವಾಗಿ ಕೇಳುವ ಹಕ್ಕು ಅವನಿಗಿದೆ. ಆಗ ನಿಮ್ಮ ಮುಂಗಡಕ್ಕಾಗಿ ನೀವು ಹುಡುಕಬೇಕಾದದ್ದು ಊರಲ್ಲಿಲ್ಲದ ಒಬ್ಬ ವ್ಯಕ್ತಿಯನ್ನು.

ಅದಕ್ಕಿಂತ ಕೆಟ್ಟ ಸಾಧ್ಯತೆ, ಆ ಮನೆಯೇ ಅವರದಲ್ಲದಿರುವುದು. ನೋಡದ ಮನೆಗೆ ದೂರದಿಂದ ಹಣ ಹಾಕಿಸಿಕೊಂಡು ಮಾಯವಾಗುವ ವಂಚನೆ ಬರ್ಲಿನ್‌ನಲ್ಲಿ ಹಳೆಯ ಕಸುಬು. ಕಾನೂನಿನ ಪ್ರಕಾರ ಠೇವಣಿ ಮೂಲ ಬಾಡಿಗೆಯ (ನೀರು, ಕಸದಂತಹ ಇತರ ವೆಚ್ಚ ಬಿಟ್ಟು ಮನೆಗಷ್ಟೇ ಕೊಡುವ ಬಾಡಿಗೆ) ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ. ಅದನ್ನೂ ಮೂರು ಸಮಾನ ಕಂತುಗಳಲ್ಲಿ ಕೊಡಬಹುದು, ಮೊದಲ ಕಂತು ಬಾಡಿಗೆ ಅವಧಿ ಆರಂಭವಾಗುವಾಗ. ಈ ನಿಯಮವನ್ನು ಅವರಿಗೆ ವಿನಯವಾಗಿ ಬರೆದು ನೋಡಿ. ಸಾಚಾ ವ್ಯಕ್ತಿಯಾದರೆ ಚರ್ಚೆಗೆ ಬರುತ್ತಾರೆ. ಇಲ್ಲದಿದ್ದರೆ ಉತ್ತರವೇ ಬರುವುದಿಲ್ಲ.

ಇನ್ನು 1,750 ಯೂರೋ. ಚದರ ಮೀಟರಿಗೆ 36 ಯೂರೋ ದಾಟುತ್ತದೆ. 2024ರ ಅಧಿಕೃತ ಬಾಡಿಗೆ ಪಟ್ಟಿಯ ಪ್ರಕಾರ ಬರ್ಲಿನ್‌ನ ಸರಾಸರಿ ಮೂಲ ಬಾಡಿಗೆ ಚದರ ಮೀಟರಿಗೆ 7 ಯೂರೋಗಿಂತ ಸ್ವಲ್ಪವೇ ಮೇಲೆ. ಎರಡನ್ನೂ ನೇರವಾಗಿ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ನಿಮ್ಮ ಮೊತ್ತದಲ್ಲಿ ಪೀಠೋಪಕರಣವಿದೆ, ಬಹುಶಃ ಮನೆ ಬೆಚ್ಚಗಿಡುವ ವೆಚ್ಚ, ನೀರು, ಕಸ ಎಲ್ಲವೂ ಸೇರಿವೆ. ಪಟ್ಟಿಯ ಸರಾಸರಿಯಲ್ಲಿ ಹಳೆಯ ಕರಾರುಗಳೂ ಇವೆ. ಹೊಸದಾಗಿ ಹುಡುಕುವವರಿಗೆ ಆ ದರದಲ್ಲಿ ಮನೆ ಸಿಗುವುದಿಲ್ಲ. ಹಾಗಿದ್ದರೂ ಇದು ದುಬಾರಿ. ಬರ್ಲಿನ್‌ನಲ್ಲಿ 2015ರ ಜೂನ್‌ನಿಂದ ಬಾಡಿಗೆ ಮಿತಿಯ ಕಾನೂನು ಇದೆ: ಹೊಸ ಕರಾರಿನ ಬಾಡಿಗೆ ಆ ಪ್ರದೇಶದ ಅಧಿಕೃತ ದರಕ್ಕಿಂತ ಶೇ 10ರಷ್ಟು ಮಾತ್ರ ಹೆಚ್ಚಿರಬಹುದು. 2014ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಬಳಕೆಗೆ ಬಂದ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ, ತಾತ್ಕಾಲಿಕ ಬಳಕೆಗೆಂದು ಕೊಟ್ಟ ಮನೆಗಳಿಗೂ ಇಲ್ಲ. ಪೀಠೋಪಕರಣ ಸಹಿತ, ಅಲ್ಪಾವಧಿ ಎಂಬ ಎರಡು ವಿಶೇಷಣಗಳು ಜಾಹೀರಾತಿನಲ್ಲಿ ಒಟ್ಟಿಗೆ ಕಾಣಿಸುವುದು ಈ ಕಿಂಡಿಯಿಂದಾಗಿಯೇ. ಒಂದು ಸೋಫಾ, ಎರಡು ಕುರ್ಚಿ ಇಟ್ಟರೆ ಬಾಡಿಗೆ ದುಪ್ಪಟ್ಟು!

ನೆರೆಹೊರೆಯವರ ಕೋಪದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ, ಆದರೆ ಅದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು.

ನೀವು ನೋಡಿರುವಂತಹ ಕಟ್ಟಡಗಳು ಬಡವರನ್ನು ಒತ್ತೊತ್ತಾಗಿ ತುಂಬಲೆಂದೇ ಕಟ್ಟಿದವು. 1862ರ ಹೊಬ್ರೆಖ್ಟ್ ಯೋಜನೆ ಎಂಬ ನಗರ ನಕ್ಷೆ ಅಗಲ ಬೀದಿಗಳನ್ನು ಗುರುತಿಸಿತು. ಬೀದಿಗಳ ನಡುವಿನ ಆಳವಾದ ನಿವೇಶನಗಳಲ್ಲಿ ಒಂದರ ಹಿಂದೊಂದು ಬಾಡಿಗೆ ಮನೆಗಳು ಎದ್ದವು. ಒಳ ಅಂಗಳ ಕನಿಷ್ಠ ಎಷ್ಟು ಇರಬೇಕು? 5.34 ಮೀಟರ್ ಉದ್ದ, ಅಷ್ಟೇ ಅಗಲ. ಅಗ್ನಿಶಾಮಕ ಬಂಡಿ ತಿರುಗಲು ಸಾಕಾಗುವಷ್ಟು ಮಾತ್ರ. ಬೆಳಕಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಳದ ಕಡೆಯ ನಿಮ್ಮ ನಾಲ್ಕನೇ ಮಹಡಿಗೆ ಕೆಳಗಿನವರಿಗಿಂತ ಹೆಚ್ಚು ಬೆಳಕು ಸಿಕ್ಕೀತು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಾಗ ಈ ಭಾಗ ಪಶ್ಚಿಮ ಬರ್ಲಿನ್‌ನ ಅಂಚಿಗೆ ಬಿದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟರ್ಕಿಯೊಂದಿಗೆ ಕಾರ್ಮಿಕ ಒಪ್ಪಂದವಾಯಿತು, ಬಂದ ಕುಟುಂಬಗಳಿಗೆ ಸಿಕ್ಕಿದ್ದು ಬೇರೆಯವರು ಬಿಟ್ಟುಹೋದ ಈ ಮನೆಗಳು. ಪಶ್ಚಿಮ ಬರ್ಲಿನ್‌ನಲ್ಲಿ ನೆಲೆಸಿದವರಿಗೆ ಕಡ್ಡಾಯ ಸೈನಿಕ ಸೇವೆ ಇರಲಿಲ್ಲವಾದ್ದರಿಂದ ಪಶ್ಚಿಮ ಜರ್ಮನಿಯ ಯುವಕರೂ ಬಂದರು. ವಿದ್ಯಾರ್ಥಿಗಳು, ಸಂಗೀತಗಾರರು, ಚಿತ್ರಕಾರರು ಸೇರಿಕೊಂಡರು. ಅವರನ್ನು ಕರೆತಂದದ್ದು ಅಗ್ಗದ ಬಾಡಿಗೆ. ಬಾಡಿಗೆ ಅಗ್ಗವಾಗಿದ್ದದ್ದು, ಇಡೀ ಪ್ರದೇಶವನ್ನು ಕೆಡವಿ ಓರಾನಿಯನ್‌ಪ್ಲಾಟ್ಸ್ ಚೌಕದ ಮೇಲೆ ಹೆದ್ದಾರಿ ಹಾಯಿಸುವ ಯೋಜನೆ ಇದ್ದುದರಿಂದ ಮತ್ತು ಮಾಲೀಕರು ದುರಸ್ತಿಯನ್ನೇ ನಿಲ್ಲಿಸಿದ್ದರಿಂದ. ಅಲ್ಲಿನ ಜನ ಖಾಲಿ ಮನೆಗಳನ್ನು ಆಕ್ರಮಿಸಿ ತಾವೇ ದುರಸ್ತಿ ಮಾಡಿದರು. 1970ರಲ್ಲಿ ಮುಚ್ಚಿದ್ದ ಬೆಥಾನಿಯನ್ ಆಸ್ಪತ್ರೆಯನ್ನು ಕೆಡವಲು ಬಿಡಲಿಲ್ಲ; ಅದು ಇಂದು ಕಲಾಕೇಂದ್ರ. ಕೊನೆಗೆ 1983ರಲ್ಲಿ ನಗರವೇ ಮಣಿದು, ಕೆಡವದೆ, ಇರುವ ಜನರನ್ನು ಇರಿಸಿಕೊಂಡೇ ನವೀಕರಿಸುವ 12 ತತ್ವಗಳನ್ನು ಒಪ್ಪಿಕೊಂಡಿತು.

ಅಂದರೆ ನಿಮ್ಮ ಮೆಟ್ಟಿಲಲ್ಲಿ ಎದುರಾಗುವ ಎಪ್ಪತ್ತರ ಹರೆಯದ ಟರ್ಕಿಶ್ ಅಜ್ಜಿಯೋ, ಬಿಳಿಗಡ್ಡದ ಮುದ್ರಣಕಾರನೋ ಈ ಮನೆಗಳು ಉಳಿಯುವಂತೆ ಮಾಡಿದವರು. ಹಳೆಯ ಕರಾರಿನ ಕಡಿಮೆ ಬಾಡಿಗೆಯಲ್ಲಿದ್ದಾರೆ. ಮನೆ ಬಿಟ್ಟರೆ ಅದೇ ಬೀದಿಯಲ್ಲಿ ಇನ್ನೊಂದು ಹಿಡಿಯುವ ಶಕ್ತಿ ಅವರಿಗಿಲ್ಲ, ಹಾಗಾಗಿ ಅಲುಗುವುದಿಲ್ಲ. ಅವರು ಅಲುಗದ್ದರಿಂದ ಖಾಲಿ ಮನೆಗಳೇ ಇಲ್ಲ. ಅಪರೂಪಕ್ಕೆ ಖಾಲಿಯಾದದ್ದು ಅಲ್ಪಾವಧಿಯ ದುಬಾರಿ ಮನೆಯಾಗಿಬಿಡುತ್ತದೆ. ಅಲ್ಲಿನ ಕೋಪ ಈ ವ್ಯವಸ್ಥೆಯ ಮೇಲೆ. ಕುವ್ರಿಸ್ಟ್ರಾಸೆಯಲ್ಲಿ ಬ್ಲೂ ಎಂಬ ಇಟಾಲಿಯನ್ ಕಲಾವಿದನ ಎರಡು ಬೃಹತ್ ಗೋಡೆಚಿತ್ರಗಳಿದ್ದವು, ಪ್ರವಾಸಿಗಳು ಹುಡುಕಿಕೊಂಡು ಬರುತ್ತಿದ್ದರು. ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡ ಬರಲಿದೆ, ಚಿತ್ರಗಳ ಖ್ಯಾತಿಯಿಂದ ಅದರ ಬೆಲೆ ಏರುತ್ತದೆ ಎಂದಾದಾಗ, 2014ರ ಡಿಸೆಂಬರ್‌ನಲ್ಲಿ ಕಲಾವಿದನ ಒಪ್ಪಿಗೆಯಿಂದಲೇ ಅವಕ್ಕೆ ಕಪ್ಪು ಬಣ್ಣ ಬಳಿಯಲಾಯಿತು. 2018ರಲ್ಲಿ ಗೂಗಲ್ ಕಂಪನಿ ಓಲಾವರ್ ಸ್ಟ್ರಾಸೆಯ ಹಳೆಯ ವಿದ್ಯುತ್ ಉಪಕೇಂದ್ರದಲ್ಲಿ ನವೋದ್ಯಮಗಳ ಕೇಂದ್ರ ತೆರೆಯುವ ಯೋಜನೆಯನ್ನು ಸ್ಥಳೀಯರ ವಿರೋಧದ ನಡುವೆ ಕೈಬಿಟ್ಟಿತು. 2021ರಲ್ಲಂತೂ ದೊಡ್ಡ ವಸತಿ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಸ್ವತ್ತು ಮಾಡಬೇಕು ಎಂಬ ಜನಮತಗಣನೆಗೆ ಬರ್ಲಿನ್‌ನ ಬಹುಮತವೇ ಸಿಕ್ಕಿತು.

ಹೊರಗಿನವರನ್ನು ದ್ವೇಷಿಸುತ್ತಾರೆ ಎಂಬುದು ಹಾಗಾಗಿ ಅರೆಸತ್ಯ. ಆರು ತಿಂಗಳಿಗೊಮ್ಮೆ ಬದಲಾಗುವ, ಗಂಟೆಯ ಫಲಕದಲ್ಲಿ ಹೆಸರಿಲ್ಲದ, ಕಸವನ್ನು ತಪ್ಪು ಡಬ್ಬಿಗೆ ಹಾಕಿ ಹೋಗುವ ಅಪರಿಚಿತರ ಬಗ್ಗೆ ಅಸಹನೆ ಇದೆ, ಅದು ಅರ್ಥವಾಗುವಂಥದ್ದೇ. ಬಣ್ಣ ನೋಡಿ ಒರಟಾಗಿ ವರ್ತಿಸುವವರು ಎಲ್ಲೂ ಇಲ್ಲ ಎಂದು ನಾನು ಹೇಳುವುದಿಲ್ಲ; ಬರ್ಲಿನ್‌ನಲ್ಲೂ ಇದ್ದಾರೆ. ಆದರೆ ಅಷ್ಟೊಂದು ದೇಶಗಳ ಜನ ತಲೆಮಾರುಗಳಿಂದ ಬೆರೆತಿರುವ ಈ ಬಡಾವಣೆಯಲ್ಲಿ ಸೀರೆ ಉಟ್ಟು ನಡೆದರೆ ತಿರುಗಿ ನೋಡುವವರು ಕಡಿಮೆ. ಮನೆ ಸೇರಿದ ವಾರದಲ್ಲೇ ಮೇಲೆ, ಕೆಳಗೆ, ಎದುರಿಗೆ ಇರುವವರ ಬಾಗಿಲು ತಟ್ಟಿ ಹೆಸರು ಹೇಳಿಕೊಳ್ಳಿ. ತಪ್ಪು ಜರ್ಮನ್ ನಡೆಯುತ್ತದೆ. ಕೆಫೆಗಳಲ್ಲಿ ಇಂಗ್ಲಿಷ್ ಸಾಕು, ಮೆಟ್ಟಿಲಲ್ಲಿ ಸಾಲದು.

ಸುರಕ್ಷತೆಯ ವಿಷಯ ಚಿಕ್ಕದು. ಕಾಟ್‌ಬುಸ್ಸರ್ ಟೋರ್ ಎಂಬ ವೃತ್ತ ಮತ್ತು ಗ್ಯೋರ್ಲಿಟ್ಸರ್ ಪಾರ್ಕ್ ಎರಡನ್ನೂ ಪೊಲೀಸರೇ ಅಪರಾಧ ಹೆಚ್ಚಿರುವ ಸ್ಥಳಗಳೆಂದು ಗುರುತಿಸಿದ್ದಾರೆ. ಮೊದಲನೆಯದರಲ್ಲಿ 2023ರ ಫೆಬ್ರವರಿಯಲ್ಲಿ ಪೊಲೀಸ್ ಠಾಣೆಯನ್ನೂ ತೆರೆದರು. ಮಾದಕವಸ್ತು ಮಾರುವವರು ಕಣ್ಣಿಗೆ ಬೀಳುತ್ತಾರೆ. ಬೇಡವೆಂದು ತಲೆಯಾಡಿಸಿ ಮುಂದೆ ಹೋದರೆ ಹಿಂಬಾಲಿಸುವುದಿಲ್ಲ. ಜೇಬುಗಳ್ಳತನ, ಸೈಕಲ್ ಕಳವು ನಿಜವಾದ ಕಾಟ. ತಡರಾತ್ರಿ ಪಾರ್ಕನ್ನು ಅಡ್ಡದಾರಿ ಮಾಡಿಕೊಳ್ಳಬೇಡಿ. ನಿಮ್ಮನ್ನು ಹೆಚ್ಚು ಕಾಡುವುದು ಸದ್ದು. ಬೇಸಿಗೆಯಲ್ಲಿ ಓರಾನಿಯನ್‌ಸ್ಟ್ರಾಸೆ ಬೇಗ ಮಲಗುವುದಿಲ್ಲ. ಅಂಗಳದ ಕಡೆಯ ಮನೆ ಕತ್ತಲಾದರೂ ಈ ಒಂದು ವಿಷಯದಲ್ಲಿ ಗೆಲ್ಲುತ್ತದೆ.

ಈಗ ನಿಮ್ಮ ಗೆಜ್ಜೆ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು, ಉತ್ತರ ಮಾತ್ರ ಅಷ್ಟು ಇಷ್ಟವಾಗುವಂಥದ್ದಲ್ಲ. ಆ ಕಾಲದ ಮಹಡಿಗಳು ಮರದ ತೊಲೆಗಳ ಮೇಲೆ ನಿಂತಿವೆ, ತೊಲೆಗಳ ನಡುವೆ ಮರಳು, ಕಿಟ್ಟ, ಒಡಕು ಇಟ್ಟಿಗೆ ತುಂಬಿರುತ್ತಾರೆ. ಗೆಜ್ಜೆಯ ಕಿಣಿಕಿಣಿ ಗಾಳಿಯಲ್ಲಿ ಹರಡುವ ಸದ್ದು, ಅದನ್ನು ಈ ತುಂಬುವಿಕೆ ಒಂದಿಷ್ಟು ನುಂಗುತ್ತದೆ. ಕಾಲು ತಟ್ಟುವ ಹೆಜ್ಜೆಯಾದ ತಟ್ಟಡವು ಹಾಗಲ್ಲ. ಹಿಮ್ಮಡಿ, ಅಂಗಾಲಿನ ಪೆಟ್ಟು ನೇರವಾಗಿ ತೊಲೆಗೆ ಇಳಿದು, ಕೆಳಮನೆಯ ಚಾವಣಿಯಿಂದ ಹೊರಬೀಳುತ್ತದೆ. ರಬ್ಬರ್ ಹಾಸು, ದಪ್ಪ ಜಮಖಾನೆ ತೀಕ್ಷ್ಣ ಸದ್ದನ್ನು ತಗ್ಗಿಸುತ್ತವೆ. ಕೆಳಗಿನವರನ್ನು ನಿಜವಾಗಿ ಕಂಗೆಡಿಸುವ ದಬ್ ದಬ್ ಕಂಪನವನ್ನು ಹೆಚ್ಚೇನೂ ತಡೆಯುವುದಿಲ್ಲ. ಮೂರನೇ ಕಾಲದ (ಅತಿ ವೇಗದ) ಅಡವು ಮುಗಿಯುವ ಮೊದಲೇ ಕೆಳಗಿನವರು ಪೊರಕೆ ಹಿಡಿಯಿಂದ ಚಾವಣಿ ಕುಟ್ಟಿಯಾರು.

ಕಾನೂನು ಏನನ್ನುತ್ತದೆ? ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಇಡೀ ದಿನ ನೆಮ್ಮದಿ ಕೆಡಿಸುವ ಸದ್ದು ಮಾಡುವಂತಿಲ್ಲ. ಮನೆಯಲ್ಲಿ ತುತ್ತೂರಿ ನುಡಿಸುತ್ತಿದ್ದ ವೃತ್ತಿಪರ ಸಂಗೀತಗಾರನೊಬ್ಬನ ಪ್ರಕರಣದಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರಲ್ಲಿ, ಮನೆಯಲ್ಲಿ ವಾದ್ಯಾಭ್ಯಾಸವನ್ನು ಪೂರ್ತಿ ನಿಷೇಧಿಸಲಾಗದು ಎಂದಿತು. ಕೆಲಸದ ದಿನಗಳಲ್ಲಿ ಎರಡು ಮೂರು ಗಂಟೆ, ಭಾನುವಾರ ಮತ್ತು ರಜೆಗಳಲ್ಲಿ ಒಂದೆರಡು ಗಂಟೆ ಎಂಬ ಸ್ಥೂಲ ಅಳತೆಯನ್ನೂ ಕೊಟ್ಟಿತು. ನೃತ್ಯಾಭ್ಯಾಸಕ್ಕೆ ಅದನ್ನು ಹಾಗೆಯೇ ಅನ್ವಯಿಸಿಕೊಳ್ಳಬೇಡಿ, ಕಾಲಿನ ಕಂಪನದ ತಕರಾರು ಬೇರೆ ತೆರನಾದದ್ದು. ಮನೆಯಲ್ಲಿ ಅಭಿನಯ, ಹಸ್ತ, ಮೆಲ್ಲನೆಯ ಅಭ್ಯಾಸ ಇಟ್ಟುಕೊಳ್ಳಿ. ಅಡವಿಗೆ ಬೇರೆ ನೆಲ ಹುಡುಕಿ. ವೆಡ್ಡಿಂಗ್ ಕಡೆಯಲ್ಲಿ ಹಳೆಯ ಟ್ರಾಮ್ ಕಾರ್ಯಾಗಾರದಲ್ಲಿ ಊಫರ್‌ಸ್ಟುಡಿಯೋಸ್ ಎಂಬ ಸಮಕಾಲೀನ ನೃತ್ಯದ ಕೇಂದ್ರವಿದೆ, ಜನರ ಪರಿಚಯಕ್ಕೂ ಅದು ಒಳ್ಳೆಯ ಜಾಗ. ಗಂಟೆ ಲೆಕ್ಕದಲ್ಲಿ ಅಭ್ಯಾಸದ ಕೋಣೆ ಕೊಡುವ ಸಣ್ಣ ಜಾಗಗಳು ಕ್ರಾಯ್ಟ್ಸ್‌ಬರ್ಗ್‌ನಲ್ಲೂ ಇವೆ.

ಪಾಠದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮನೆಯಲ್ಲೇ ಹಲವು ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದವರ ಪ್ರಕರಣದಲ್ಲಿ ಅದೇ ನ್ಯಾಯಾಲಯ 2013ರಲ್ಲಿ ಮಾಲೀಕನ ಪರ ನಿಂತಿತು: ವಿದ್ಯಾರ್ಥಿಗಳು ಬಂದು ಹೋಗುವ ಪಾಠ ವೃತ್ತಿ ಬಳಕೆಯಾಗುತ್ತದೆ, ಅದಕ್ಕೆ ಅನುಮತಿ ಬೇಕು. ಕಾಲು ತಟ್ಟುವ ಹತ್ತು ಮಕ್ಕಳಿಗೆ ಯಾವ ಮಾಲೀಕನೂ ಅನುಮತಿ ಕೊಡಲಾರ. ಪಾಠವನ್ನು ಮೊದಲಿನಿಂದಲೇ ಬಾಡಿಗೆ ಕೋಣೆಯಲ್ಲಿ ನಡೆಸಿ, ಅದರ ವೆಚ್ಚವನ್ನು ಶುಲ್ಕದಲ್ಲಿ ಸೇರಿಸಿ. ಸಂತೋಷದ ಸಂಗತಿಯೆಂದರೆ, ಪತಿಯ ಜೊತೆ ಕುಟುಂಬದ ನೆಲೆಯಲ್ಲಿ ಸಿಗುವ ನಿವಾಸ ಪರವಾನಗಿಯಲ್ಲಿ ನೀವು ನೌಕರಿಯನ್ನೂ ಮಾಡಬಹುದು, ಸ್ವತಂತ್ರ ವೃತ್ತಿಯನ್ನೂ ನಡೆಸಬಹುದು. ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡರೆ ಆಯಿತು. ಆದಾಯ ಒಂದು ಹದಕ್ಕೆ ಬಂದಾಗ ಕಲಾವಿದರ ಸಾಮಾಜಿಕ ವಿಮಾ ನಿಧಿಗೆ ಅರ್ಜಿ ಹಾಕಿ. 1983ರಿಂದ ಇರುವ ಈ ವ್ಯವಸ್ಥೆಯಲ್ಲಿ ಕಲೆಯನ್ನು ಕಲಿಸುವವರಿಗೂ ಜಾಗವಿದೆ. ವರ್ಷಕ್ಕೆ 3,900 ಯೂರೋ ಮೀರಿದ ಆದಾಯ ಬೇಕು, ವೃತ್ತಿಯ ಆರಂಭದ ಮೂರು ವರ್ಷ ಆ ಷರತ್ತೂ ಇಲ್ಲ. ಒಪ್ಪಿಕೊಂಡರೆ ಆರೋಗ್ಯ ಮತ್ತು ಪಿಂಚಣಿ ವಂತಿಗೆಯ ಸುಮಾರು ಅರ್ಧ ಮಾತ್ರ ನಿಮ್ಮದು.

ಹಾಗಾದರೆ ಮನೆ ಎಲ್ಲಿ? ನಾನು ನಿಮ್ಮ ಜಾಗದಲ್ಲಿದ್ದರೆ ಕ್ರಾಯ್ಟ್ಸ್‌ಬರ್ಗ್ ಎಂಬ ಹೆಸರನ್ನು ಒಂದು ವರ್ಷ ಬದಿಗಿಡುತ್ತಿದ್ದೆ. ಮೊದಲ ಮೂರು ನಾಲ್ಕು ತಿಂಗಳಿಗೆ, ನೋಂದಣಿಗೆ ಲಿಖಿತವಾಗಿ ಒಪ್ಪುವ ಪೀಠೋಪಕರಣ ಸಹಿತ ಮನೆಯೊಂದನ್ನು ನಗರದ ಯಾವ ಮೂಲೆಯಲ್ಲಾದರೂ ಹಿಡಿಯಿರಿ. ದುಬಾರಿಯೇ ಆಗುತ್ತದೆ, ಅದನ್ನು ಪ್ರವೇಶ ಶುಲ್ಕವೆಂದು ನುಂಗಿಕೊಳ್ಳಬೇಕು. ಕಂಪನಿ ತಾತ್ಕಾಲಿಕ ವಸತಿ ಕೊಡುತ್ತದೆಯೇ ಎಂದು ಪತಿ ನಾಚಿಕೆಯಿಲ್ಲದೆ ಕೇಳಲಿ. ಅಲ್ಲಿಂದ ಅನಿರ್ದಿಷ್ಟ ಅವಧಿಯ ಸಾಮಾನ್ಯ ಕರಾರಿಗೆ ಹುಡುಕಿ. ಅಂತಹ ಕರಾರಿನಲ್ಲಿ ಮಾಲೀಕ ಕಾನೂನುಬದ್ಧ ಕಾರಣವಿಲ್ಲದೆ ಬಿಡಿಸುವಂತಿಲ್ಲ, ನೀವಾದರೋ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಕೆಲವು ಕರಾರುಗಳಲ್ಲಿ ಇಂತಿಷ್ಟು ವರ್ಷ ಬಿಡುವಂತಿಲ್ಲ ಎಂಬ ಷರತ್ತು ಇರುತ್ತದೆ, ಸಹಿಗೆ ಮೊದಲು ಹುಡುಕಿ ನೋಡಿ. ಹೊಸಬರಿಗೆ ಸಾಲದ ಇತಿಹಾಸದ ವರದಿ ಇರುವುದಿಲ್ಲ. ಬದಲಿಗೆ ಉದ್ಯೋಗ ಕರಾರು, ಮೂರು ತಿಂಗಳ ಸಂಬಳ ಪತ್ರ, ಹೊಣೆಗಾರಿಕೆ ವಿಮೆಯ ಪ್ರತಿಯನ್ನು ಒಂದೇ ಕಡತವಾಗಿ ಸಿದ್ಧವಿಟ್ಟುಕೊಳ್ಳಿ. ಮನೆ ನೋಡಿದ ಸಂಜೆಯೇ ಕಳುಹಿಸಿದವರಿಗೆ ಸಿಗುತ್ತದೆ, ಮರುದಿನ ಕಳುಹಿಸಿದವರಿಗೆ ಸಿಗುವುದಿಲ್ಲ. ವೆಡ್ಡಿಂಗ್, ಲಿಖ್ಟನ್‌ಬರ್ಗ್, ನಾಯ್‌ಕೋಲ್ನ್‌ನ ದಕ್ಷಿಣ ಭಾಗಗಳಲ್ಲಿಯೂ ಅರ್ಜಿ ಹಾಕಿ. ಅಲ್ಲಿಂದ ಓರಾನಿಯನ್‌ಸ್ಟ್ರಾಸೆಯ ಸಂಜೆಗಳಿಗೆ ಹೋಗಿಬರಲು ರೈಲು ಇದೆ.

ಇದರ ಅಪಾಯವನ್ನೂ ಹೇಳಬೇಕು. ತಾತ್ಕಾಲಿಕ ಮನೆಯ ಅವಧಿ ಮುಗಿದರೂ ಶಾಶ್ವತ ಮನೆ ಸಿಗದೆ, ಎರಡನೇ ತಾತ್ಕಾಲಿಕ ಮನೆಗೆ ಹೋಗುವವರು ಬಹಳ. ಅದಕ್ಕೆ ಹಣ ಎತ್ತಿಡಿ. ಸಾಮಾನ್ಯ ಕರಾರು ಸಿಕ್ಕರೂ ಬಾಡಿಗೆ ಮಿತಿ ಮೀರಿದೆ ಎನಿಸಿದರೆ ಸಹಿ ಮಾಡಿ ಮನೆ ಸೇರಿಕೊಳ್ಳಿ, ಆಮೇಲೆ ಬಾಡಿಗೆದಾರರ ಸಂಘಕ್ಕೆ ಅಥವಾ ಜಿಲ್ಲಾಡಳಿತದ ಉಚಿತ ಸಲಹೆಗೆ ಕರಾರು ತೋರಿಸಿ. ಮೊದಲ 30 ತಿಂಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಿ ಗೆದ್ದರೆ, ಆರಂಭದಿಂದ ಹೆಚ್ಚಾಗಿ ಕೊಟ್ಟ ಹಣ ವಾಪಸ್ ಬರುತ್ತದೆ. ಕ್ರಾಯ್ಟ್ಸ್‌ಬರ್ಗ್ ಬೇಕೇ ಬೇಕು ಎಂದಾದರೆ ಮಾಲೀಕನ ಲಿಖಿತ ಒಪ್ಪಿಗೆ ಇರುವ ಒಳಬಾಡಿಗೆಯೂ ಒಂದು ದಾರಿ. ಪತ್ರದ ಪ್ರತಿ ಕೇಳಿ. "ಒಪ್ಪಿಗೆ ಇದೆ, ಪತ್ರ ಇಲ್ಲ" ಎಂದರೆ ಇಲ್ಲ ಎಂದೇ ಅರ್ಥ.

ನೋಂದಣಿಯಾದ ಕೆಲವು ವಾರಗಳಲ್ಲಿ ಮನೆಗೊಂದು ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕೇಳುವ ಪತ್ರ ಬರುತ್ತದೆ. ಟಿವಿ ಇಲ್ಲದವರಿಗೂ ಬರುತ್ತದೆ. ಅದು ವಂಚನೆಯಲ್ಲ, ಕಟ್ಟಬೇಕು.

ದೇವರ ದೀಪ ಹಚ್ಚಲು ಅಡ್ಡಿಯಿಲ್ಲ. ಬರ್ಲಿನ್‌ನಲ್ಲಿ 2020ರ ಅಂತ್ಯದಿಂದ ಹಳೆಯ ಮನೆಗಳಲ್ಲೂ ವಾಸದ ಕೋಣೆ, ಮಲಗುವ ಕೋಣೆ, ಒಳದಾರಿಗಳಲ್ಲಿ ಹೊಗೆ ಪತ್ತೆ ಸಾಧನ ಕಡ್ಡಾಯ. ತುಪ್ಪದ ದೀಪಕ್ಕೆ ಅದು ಸುಮ್ಮನಿರುತ್ತದೆ. ನೇರ ಕೆಳಗೆ ಊದಿನಕಡ್ಡಿ, ಧೂಪ, ಕರ್ಪೂರ ಹಚ್ಚಿದರೆ ಇಡೀ ಅಂಗಳಕ್ಕೆ ಕೇಳುವಂತೆ ಕಿರುಚುತ್ತದೆ. ಅಡುಗೆಮನೆಗೆ ಆ ಸಾಧನದ ಕಡ್ಡಾಯವಿಲ್ಲ, ಆದ್ದರಿಂದ ದೇವರ ಗೂಡನ್ನು ಅಲ್ಲಿಯೇ, ಕಿಟಕಿಯ ಬಳಿ ಇಡಿ. ಪೂಜೆ ಮುಗಿದ ಮೇಲೆ ಐದು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಿರಿ, ಚಳಿಗಾಲದಲ್ಲೂ. ಅನ್ನದ ಹಬೆ, ಒಣಹಾಕಿದ ಬಟ್ಟೆಯ ತೇವ ಹೊರಹೋಗದೆ ಈ ಹಳೆಯ ಗೋಡೆಗಳಿಗೆ ಬೂಷ್ಟು ಹಿಡಿದರೆ ಮಾಲೀಕ ಮೊದಲು ದೂರುವುದು ನಿಮ್ಮನ್ನೇ.